ಇಳಿದ ತೂಕ, ಉಳಿದ ತೊಗಲು

ನೂರು ಕೆ.ಜಿ. ಕೊಬ್ಬು ಕರಗಬಹುದು. ಅದನ್ನು ವರ್ಷಗಟ್ಟಲೆ ಹೊತ್ತಿದ್ದ ಚರ್ಮ ಕರಗುವುದಿಲ್ಲ. ತೂಕ ಇಳಿಸುವ ಚುಚ್ಚುಮದ್ದು ಮನೆಮಾತಾಗಿರುವ ಈ ದಿನಗಳಲ್ಲಿ ‘ಇಳಿದ ಮೇಲೇನು?’ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಶಸ್ತ್ರಚಿಕಿತ್ಸಕರ ಬಳಿ ಒಂದು ಉತ್ತರವಿದೆ. ಸುಲಭದ್ದಲ್ಲ, ಅಗ್ಗದ್ದಂತೂ ಅಲ್ಲವೇ ಅಲ್ಲ.

ಆಪರೇಷನ್ನಿಗೆ ಮುಂಚಿನ ಗಳಿಗೆ. ರೋಗಿ ನಿಂತಿದ್ದಾರೆ. ಸರ್ಜನ್ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಕೈಯಲ್ಲಿ ಮಾರ್ಕರ್ ಪೆನ್ನು, ಪಕ್ಕದಲ್ಲಿ ಅಳತೆ ಟೇಪು.

“ಸ್ವಲ್ಪ ಮೇಲಕ್ಕೆತ್ತಿ ಹಿಡ್ಕೊಳ್ಳಿ.”

ಹೊಟ್ಟೆಯಿಂದ ಕೆಳಗೆ ಜೋತುಬಿದ್ದ ಚರ್ಮವನ್ನು ರೋಗಿಯೇ ಎರಡೂ ಕೈಯಲ್ಲಿ ಎತ್ತಿ ಹಿಡಿಯಬೇಕು. ಅದರಡಿಯಲ್ಲಿ, ವರ್ಷಗಳಿಂದ ಬೆಳಕು ಕಾಣದ ಜಾಗದಲ್ಲಿ, ಮೊದಲ ಗೆರೆ ಬೀಳುತ್ತದೆ. ಆಮೇಲೆ ಸರ್ಜನ್ ಚರ್ಮವನ್ನು ಮುಷ್ಟಿಯಲ್ಲಿ ಹಿಡಿದು, ಎಷ್ಟು ಬರುತ್ತದೆ, ಎಷ್ಟು ತೆಗೆದರೆ ಅಂಚುಗಳು ಮತ್ತೆ ಕೂಡುತ್ತವೆ ಎಂದು ಅಂದಾಜು ಮಾಡಿ ಎರಡನೆಯ ಗೆರೆ ಎಳೆಯುತ್ತಾರೆ. “ತಿರುಗಿ.” ಪಕ್ಕೆ. “ಇನ್ನೂ ಸ್ವಲ್ಪ.” ಬೆನ್ನಿನ ಬುಡ. ಎರಡೂ ಗೆರೆಗಳು ಸೊಂಟವನ್ನು ಪೂರ್ತಿ ಸುತ್ತಿ, ಹೊರಟ ಜಾಗಕ್ಕೇ ಬಂದು ಸೇರುತ್ತವೆ. ಆ ಎರಡು ಗೆರೆಗಳ ನಡುವೆ ಇರುವುದೆಲ್ಲ ಕೆಲವೇ ಗಂಟೆಗಳಲ್ಲಿ ದೇಹದಿಂದ ಹೊರಗೆ ಹೋಗಲಿದೆ.

ಇದನ್ನೆಲ್ಲ ನಿಂತೇ ಮಾಡಬೇಕು. ಮಲಗಿದರೆ ಸಡಿಲ ಚರ್ಮ ಬದಿಗಳಿಗೆ ಹರಡಿಕೊಂಡು ಅಳತೆ ತಪ್ಪುತ್ತದೆ. ಅರಿವಳಿಕೆ ಕೊಟ್ಟ ಮೇಲೆ ನಿಲ್ಲಿಸುವುದು ಸಾಧ್ಯವಿಲ್ಲ. ಹಾಗಾಗಿ ಅಪರಿಚಿತರ ಮುಂದೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ, ಇಷ್ಟು ದಿನ ಕನ್ನಡಿಗೂ ತೋರಿಸದ ದೇಹವನ್ನು ತೋರಿಸಿಕೊಂಡು ಎಚ್ಚರದಲ್ಲೇ ನಿಂತಿರಬೇಕು.

ಇದರ ಹೆಸರು ಬಾಡಿ ಲಿಫ್ಟ್.

ಹೆಸರು ಕೇಳಿದರೆ ಸಿನಿಮಾ ತಾರೆಯರ ಸೌಂದರ್ಯದ ಗೀಳು ಅನ್ನಿಸುತ್ತದೆ. ಆದರೆ ಹೀಗೆ ನಿಂತಿರುವವರಲ್ಲಿ ಹೆಚ್ಚಿನವರು ಎರಡು ಮೂರು ವರ್ಷಗಳ ಹಿಂದೆ ಮೆಟ್ಟಿಲು ಹತ್ತಲಾರದೆ, ಶೂ ಲೇಸು ಕಟ್ಟಿಕೊಳ್ಳಲಾರದೆ, ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದವರು. ಜಠರ ಕಿರಿದಾಗಿಸುವ ಆಪರೇಷನ್ ಮಾಡಿಸಿಕೊಂಡು ಅಥವಾ ಪಥ್ಯ ವ್ಯಾಯಾಮಗಳಿಂದ ನಲವತ್ತು, ಅರವತ್ತು, ಎಂಬತ್ತು ಕೆ.ಜಿ. ಇಳಿಸಿದವರು. ಸಕ್ಕರೆ ಕಾಯಿಲೆಯ ಮಾತ್ರೆ ಕಡಿಮೆಯಾಗಿದೆ, ಬಿ.ಪಿ. ಹತೋಟಿಗೆ ಬಂದಿದೆ. ಮದುವೆ ಮನೆಯಲ್ಲಿ ನೆಂಟರು ಗುರುತು ಹಿಡಿಯದೆ ತಡವರಿಸುತ್ತಾರೆ. ಗುರುತು ಹಿಡಿದವರು “ಏನ್ರೀ ಇಷ್ಟೊಂದು ಇಳಿದುಬಿಟ್ಟಿದ್ದೀರಿ, ಶುಗರ್ ಬಂದಿದ್ಯಾ?” ಎಂದು ಕನಿಕರಿಸುತ್ತಾರೆ. ನಮ್ಮ ಕಡೆ ತೂಕ ಇಳಿದವರಿಗೆ ಸಿಗುವ ಮೊದಲ ಬಹುಮಾನ ಅದು.

ಬಟ್ಟೆಯೊಳಗಿನ ಸಂಗತಿಯನ್ನು ಮಾತ್ರ ಯಾರೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ.

ಚುಚ್ಚುಮದ್ದಿನ ಕಾಲ

ತೂಕದ ಮಾತು ಈಗ ಊರೆಲ್ಲ ಹಬ್ಬಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಅದೇ ವರ್ಷದ ಜೂನ್‌ನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದವು. ವಾರಕ್ಕೊಂದು ಚುಚ್ಚುಮದ್ದು, ಹಸಿವು ತಗ್ಗುತ್ತದೆ, ತುತ್ತು ಕಡಿಮೆಯಾಗುತ್ತದೆ, ತಿಂಗಳುಗಳಲ್ಲಿ ತೂಕ ಇಳಿಯುತ್ತದೆ. ದೊಡ್ಡ ಪ್ರಯೋಗಗಳಲ್ಲಿ ವೆಗೋವಿಯ ಮೂಲದ್ರವ್ಯ ಸೆಮಾಗ್ಲುಟೈಡ್‌ನಿಂದ 68 ವಾರಗಳಲ್ಲಿ ಸರಾಸರಿ ಸುಮಾರು ಶೇ 15ರಷ್ಟು, ಮೌಂಜಾರೊದ ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣದಿಂದ 72 ವಾರಗಳಲ್ಲಿ ಸುಮಾರು ಶೇ 20ರಷ್ಟು ದೇಹತೂಕ ಇಳಿದಿತ್ತು. ಜಠರದ ಆಪರೇಷನ್‌ಗಳಲ್ಲಿ ಇಳಿಕೆ ಸಾಮಾನ್ಯವಾಗಿ ಇದಕ್ಕೂ ಹೆಚ್ಚು.

ಗಿರಾಕಿಗಳಿಗೇನೂ ಕೊರತೆಯಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನವರಲ್ಲಿ, ಹೆಂಗಸರಿರಲಿ ಗಂಡಸರಿರಲಿ, ಪ್ರತಿ ಹತ್ತರಲ್ಲಿ ಮೂವರು ಅಧಿಕ ತೂಕದವರು ಅಥವಾ ಬೊಜ್ಜಿನವರು.

ಚುಚ್ಚುಮದ್ದಿನ ಜೊತೆಗೇ, ಸೆಮಾಗ್ಲುಟೈಡ್‌ನ ಇನ್ನೊಂದು ಬ್ರ್ಯಾಂಡಿನ ಹೆಸರು ಹೊತ್ತು, ‘ಓಜೆಂಪಿಕ್ ಮುಖ’ ಎಂಬ ಮಾತೂ ಬಂತು. ಕೆನ್ನೆಯ ಕೊಬ್ಬು ಕರಗಿ, ಚರ್ಮ ಇಳಿಬಿದ್ದು, ವಯಸ್ಸಾದಂತೆ ಕಾಣುವ ಮುಖ. ಸಾಮಾಜಿಕ ಜಾಲತಾಣಗಳು ಇದನ್ನೊಂದು ತಮಾಷೆ ಮಾಡಿಕೊಂಡವು. ಕೆನ್ನೆಯಲ್ಲಿ ಆಗುವುದೇ ಹೊಟ್ಟೆ, ತೋಳು, ತೊಡೆ, ಎದೆಯಲ್ಲೂ ಆಗುತ್ತದೆ. ಅಲ್ಲಿ ಅದರ ಪ್ರಮಾಣ ಎಷ್ಟೋ ಪಟ್ಟು ದೊಡ್ಡದು, ತಮಾಷೆಗೆ ಅಲ್ಲಿ ಜಾಗವಿಲ್ಲ.

ಹಿಗ್ಗಿದ್ದು ಕುಗ್ಗದು

ಇಷ್ಟೆಲ್ಲ ಇಳಿಸಿದ ಮೇಲೆ ಚರ್ಮ ತಾನಾಗಿಯೇ ಬಿಗಿಯಾಗಬಾರದೇಕೆ?

ಚರ್ಮದ ಒಳಪದರದಲ್ಲಿ ಎರಡು ಬಗೆಯ ನಾರುಗಳಿವೆ. ಕೊಲಾಜೆನ್ ಗಟ್ಟಿತನ ಕೊಡುತ್ತದೆ. ಎಳೆದದ್ದನ್ನು ಮತ್ತೆ ಮೊದಲಿನಂತಾಗಿಸುವುದು ಎಲಾಸ್ಟಿನ್. ಈ ಎಲಾಸ್ಟಿನ್ನಿನ ಬಹುಪಾಲು ನಾವು ಹುಟ್ಟುವ ಆಸುಪಾಸಿನಲ್ಲಿ, ಎಳವೆಯಲ್ಲಿ ತಯಾರಾಗುತ್ತದೆ. ಆ ದಾಸ್ತಾನಿನಲ್ಲೇ ಜೀವಮಾನ ಕಳೆಯಬೇಕು. ಹತ್ತಿಪ್ಪತ್ತು ವರ್ಷ ಮಿತಿಮೀರಿ ಹಿಗ್ಗಿದ ಚರ್ಮದಲ್ಲಿ ಈ ನಾರುಗಳು ಸವೆದು, ತುಂಡಾಗಿ, ಚೆಲ್ಲಾಪಿಲ್ಲಿಯಾಗಿರುತ್ತವೆ. ಹೊರಗೆ ಕಾಣುವ ಬಿಳಿ ಗೆರೆಗಳು ಒಳಗಿನ ಆ ಹಾನಿಯ ಗುರುತುಗಳೇ.

ಎಷ್ಟು ಕುಗ್ಗುತ್ತದೆ ಎಂಬುದು ವಯಸ್ಸು, ಎಷ್ಟು ವರ್ಷ ದಪ್ಪಗಿದ್ದರು, ಎಷ್ಟು ಕೆ.ಜಿ. ಇಳಿಸಿದರು, ಬಿಸಿಲು, ಸಿಗರೇಟು, ಹೆರಿಗೆ, ಅಪ್ಪ ಅಮ್ಮನಿಂದ ಬಂದ ಮೈಕಟ್ಟು ಎಲ್ಲದರ ಮೇಲೆ ನಿಂತಿದೆ. ಇಪ್ಪತ್ತರ ಹರೆಯದಲ್ಲಿ ಹದಿನೈದು ಕೆ.ಜಿ. ಇಳಿಸಿದವರಿಗೆ ಸಮಸ್ಯೆಯೇ ಬಾರದಿರಬಹುದು. ನಲವತ್ತೈದರಲ್ಲಿ ಅರವತ್ತು ಕೆ.ಜಿ. ಇಳಿಸಿದವರಿಗೆ ಬಾರದಿದ್ದರೆ ಅದೇ ಆಶ್ಚರ್ಯ.

ಜಿಮ್ಮಿಗೆ ಹೋದರೆ ಸ್ನಾಯು ತುಂಬಿಕೊಂಡು ತುಸು ವಾಸಿ ಕಾಣಬಹುದು, ಚರ್ಮ ಮೊಟಕಾಗುವುದಿಲ್ಲ. ‘ಚರ್ಮ ಬಿಗಿ ಮಾಡುವ’ ಕ್ರೀಮುಗಳ ಬಗ್ಗೆ ಹೇಳುವುದಾದರೆ, ಅವು ಬಿಗಿ ಮಾಡುವುದು ಮಾರುವವನ ಜೇಬನ್ನು. ಲೈಪೊಸಕ್ಷನ್ ಕೂಡ ಇಲ್ಲಿಗೆ ಹೊಂದುವ ಮದ್ದಲ್ಲ. ಅದು ಕೊಬ್ಬನ್ನು ಹೀರಿ ತೆಗೆಯುವ ವಿಧಾನ. ಖಾಲಿಯಾಗಿರುವ ಚರ್ಮದಿಂದ ಇನ್ನಷ್ಟು ಹೀರಿದರೆ ಅದು ಇನ್ನಷ್ಟು ಜೋಲುತ್ತದೆ.

ಮಡಿಕೆಯೊಳಗಿನ ಬದುಕು

ಮಂಗಳೂರಿನ ಏಪ್ರಿಲ್ ತಿಂಗಳ ಸೆಕೆಯನ್ನು ನೆನೆಯಿರಿ. ತೆಳ್ಳಗಿನವರ ಅಂಗಿಯೇ ಬೆನ್ನಿಗೆ ಅಂಟಿಕೊಂಡಿರುತ್ತದೆ. ಇನ್ನು ಚರ್ಮದ ಮೇಲೆ ಚರ್ಮ ಮಡಚಿಕೊಂಡು ಕೂತಿರುವವರ ಪಾಡು?

ಮಡಿಕೆಯೊಳಗೆ ಗಾಳಿಯಾಡುವುದಿಲ್ಲ. ಬೆವರು ಆರುವುದಿಲ್ಲ. ಚರ್ಮ ಚರ್ಮಕ್ಕೆ ಉಜ್ಜಿ ಕೆಂಪಾಗಿ, ಬಿರಿದು, ರಸ ಒಸರುತ್ತದೆ. ಅಲ್ಲಿಗೆ ಫಂಗಸ್ ಬಂದು ನೆಲೆಸುತ್ತದೆ. ಪೌಡರ್, ಮುಲಾಮು, ಮಾತ್ರೆ. ಒಂದು ತಿಂಗಳು ವಾಸಿ, ಮತ್ತೆ ಶುರು. ಹೊಟ್ಟೆಯ ಕೆಳಗೆ, ಸ್ತನದ ಕೆಳಗೆ, ತೊಡೆಸಂದಿನಲ್ಲಿ. ಅದರ ವಾಸನೆಗೆ ಹೆದರಿ ಬಸ್ಸಿನಲ್ಲಿ ಯಾರ ಪಕ್ಕದಲ್ಲೂ ಕೂರದವರಿದ್ದಾರೆ. ದಿನಕ್ಕೆ ಮೂರು ಸಲ ಸ್ನಾನ ಮಾಡುವವರಿದ್ದಾರೆ. ಮಡಿಕೆಯೊಳಗೆ ಹಳೆಯ ಪಂಚೆಯ ಬಟ್ಟೆ ಮಡಚಿಟ್ಟುಕೊಂಡು ಆಫೀಸಿಗೆ ಹೋಗುವವರಿದ್ದಾರೆ.

ನಡೆದರೆ, ಓಡಿದರೆ ಜೋಲುವ ಚರ್ಮ ಬಡಿಯುತ್ತದೆ, ಎಳೆಯುತ್ತದೆ. ವ್ಯಾಯಾಮ ಮಾಡಿ ತೂಕ ಕಾಪಾಡಿಕೊಳ್ಳಿ ಎಂದು ಡಾಕ್ಟರು ಹೇಳಿರುತ್ತಾರೆ. ವ್ಯಾಯಾಮಕ್ಕೆ ಅಡ್ಡ ಬರುವುದು ತೂಕ ಇಳಿಸಿದ್ದರ ಫಲವೇ. ತೋಳಿನ ಜೋಲು ಮುಚ್ಚಲು ದರ್ಜಿಯ ಬಳಿ ಬ್ಲೌಸಿಗೆ ಮೊಣಕೈವರೆಗೂ ತೋಳು ಇಡಿಸುವವರು, ಎದೆ ಕಾಣದಿರಲೆಂದು ಬಿಗಿ ಬನಿಯನ್ನಿನ ಮೇಲೆ ಇನ್ನೊಂದು ಬನಿಯನ್ ಹಾಕುವ ಗಂಡಸರು. ತೂಕದ ಯಂತ್ರ ತೋರಿಸುವ ಅಂಕಿಗೂ ಕನ್ನಡಿಯೊಳಗಿನ ದೇಹಕ್ಕೂ ತಾಳೆಯಾಗದೆ, ತಾವಿನ್ನೂ ದಪ್ಪಗೇ ಇದ್ದೇವೆ ಎಂದು ಅಂದುಕೊಂಡೇ ಬದುಕುವವರೂ ಉಂಟು.

> ಬಾಕ್ಸ್: ಬಾಲ್ಟಿಮೋರ್, 1899
>
> ಜೋತುಬಿದ್ದ ಹೊಟ್ಟೆಯನ್ನು ಕತ್ತರಿಸಿ ತೆಗೆದ ಆರಂಭದ ದಾಖಲೆಗಳಲ್ಲಿ ಹೆಸರಾದದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯದು. ಮಾಡಿದವರು ಪ್ಲಾಸ್ಟಿಕ್ ಸರ್ಜನ್ ಅಲ್ಲ, ಸ್ತ್ರೀರೋಗ ತಜ್ಞ ಹೋವರ್ಡ್ ಕೆಲ್ಲಿ. ತೆಗೆದ ತುಂಡಿನ ಅಳತೆ: ಉದ್ದ 90 ಸೆಂ.ಮೀ., ಅಗಲ 31 ಸೆಂ.ಮೀ., ದಪ್ಪ 7 ಸೆಂ.ಮೀ. ತೂಕ 7,450 ಗ್ರಾಂ.
>
> ಸೊಂಟದ ಸುತ್ತಲೂ ಪಟ್ಟಿಯಾಗಿ ತೆಗೆಯುವ ಕ್ರಮವನ್ನು 1940ರಲ್ಲಿ ಅರ್ಜೆಂಟೀನಾದ ಸೊಮಾಲೊ, 1960ರಲ್ಲಿ ಮೆಕ್ಸಿಕೊದ ಗೊನ್ಸಾಲೆಸ್ ಉಲ್ಲೊವಾ ವಿವರಿಸಿದರು.

ಪೋಸ್ಟ್‌ಮನ್ ಪಾಲ್

ಈ ವಿಷಯವನ್ನು ಜಗತ್ತಿನ ಮುಂದಿಟ್ಟವರಲ್ಲಿ ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಪಾಲ್ ಮೇಸನ್ ಮುಖ್ಯರು. ಒಂದು ಕಾಲದಲ್ಲಿ ಮನೆಮನೆಗೆ ಕಾಗದ ಹಂಚುತ್ತಿದ್ದ ಪೋಸ್ಟ್‌ಮನ್. ಆಮೇಲೆ ಹಾಸಿಗೆ ಬಿಟ್ಟು ಏಳಲಾರದಷ್ಟು ಬೆಳೆದರು. ಉತ್ತುಂಗದಲ್ಲಿ ಅವರ ತೂಕ 440 ಕೆ.ಜಿ.ಗೂ ಮೇಲೆ, ಪತ್ರಿಕೆಗಳು ಅವರನ್ನು ‘ಜಗತ್ತಿನ ಅತಿ ದಪ್ಪ ಮನುಷ್ಯ’ ಎಂದು ಕರೆದವು.

2010ರಲ್ಲಿ ಅವರಿಗೆ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಜಠರದ ಆಪರೇಷನ್ ಆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 290 ಕೆ.ಜಿ. ಇಳಿಯಿತು. ಕಥೆ ಇಲ್ಲಿಗೆ ಸುಖಾಂತ ಎಂದು ಓದುಗರು ಪುಟ ತಿರುಗಿಸಿದರು. ಪಾಲ್ ಮಾತ್ರ ಗಾಲಿಕುರ್ಚಿಯಲ್ಲೇ ಉಳಿದರು. ಹೊಟ್ಟೆ, ತೊಡೆ, ತೋಳುಗಳಿಂದ ಇಳಿಬಿದ್ದ ಚರ್ಮದ ಭಾರ ಅವರನ್ನು ನಡೆಯಗೊಡಲಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್, ತೂಕ ಎರಡು ವರ್ಷ ಏರಿಳಿಯದೆ ನಿಲ್ಲಲಿ, ಆಮೇಲೆ ಚರ್ಮದ ವಿಚಾರ ನೋಡೋಣ ಎಂದಿತು.

ಆ ನಿಯಮಕ್ಕೆ ವೈದ್ಯಕೀಯ ಕಾರಣವಿದೆ, ಅಲ್ಲಗಳೆಯಲಾಗದು. ತೂಕ ಇನ್ನೂ ಇಳಿಯುತ್ತಿರುವಾಗ ಕತ್ತರಿಸಿದರೆ ಆರು ತಿಂಗಳಲ್ಲಿ ಮತ್ತೆ ಸಡಿಲ. ಹೆಚ್ಚಿನ ಸರ್ಜನ್‌ಗಳು ಜಠರದ ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷ ಕಳೆದಿರಬೇಕು, ತೂಕ ಕಡೇಪಕ್ಷ ಮೂರರಿಂದ ಆರು ತಿಂಗಳು ಒಂದೇ ಕಡೆ ನಿಂತಿರಬೇಕು ಎನ್ನುತ್ತಾರೆ. ಆದರೆ ನಡೆಯಲಾಗದವನಿಗೆ ‘ಎರಡು ವರ್ಷ ಕಾಯಿ, ತೂಕ ಏರಿಸಿಕೊಳ್ಳಬೇಡ’ ಎಂದು ಹೇಳುವವರು ಒಮ್ಮೆ ಆ ಕುರ್ಚಿಯಲ್ಲಿ ಕೂತು ನೋಡಬೇಕಿತ್ತು.

2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಅವರ ಬಗ್ಗೆ ಬರೆಯಿತು. ಅದನ್ನು ಓದಿದ ನ್ಯೂಯಾರ್ಕಿನ ಪ್ಲಾಸ್ಟಿಕ್ ಸರ್ಜನ್ ಜೆನಿಫರ್ ಕ್ಯಾಪ್ಲಾ, ಶುಲ್ಕವಿಲ್ಲದೆ ಆಪರೇಷನ್ ಮಾಡಲು ಮುಂದೆ ಬಂದರು. ಪಾಲ್ ಅಟ್ಲಾಂಟಿಕ್ ದಾಟಿದರು. 2015ರಲ್ಲಿ ಅಲ್ಲಿನ ಲೆನಾಕ್ಸ್ ಹಿಲ್ ಆಸ್ಪತ್ರೆಯಲ್ಲಿ ಸರ್ಜನ್‌ಗಳ ತಂಡವೊಂದು ಗಂಟೆಗಟ್ಟಲೆ ದುಡಿದು ಇಪ್ಪತ್ತು ಕೆ.ಜಿ.ಗೂ ಹೆಚ್ಚು ಚರ್ಮ ಮತ್ತು ಅಂಗಾಂಶ ತೆಗೆಯಿತು. ಅದು ಮೊದಲ ಸುತ್ತು ಅಷ್ಟೇ.

ಪಾಲ್ ಅವರದು ವಿಪರೀತದ ಉದಾಹರಣೆ. ಸಾಮಾನ್ಯವಾಗಿ ಒಂದು ಬಾಡಿ ಲಿಫ್ಟಿನಲ್ಲಿ ಹೊರಗೆ ಹೋಗುವುದು ಕೆಲವು ಕೆ.ಜಿ. ಮಾತ್ರ. ತೂಕ ಇಳಿಸಲೆಂದು ಯಾರೂ ಇದನ್ನು ಮಾಡಿಸಿಕೊಳ್ಳಬಾರದು, ಇಳಿಸಿದವರಿಗಷ್ಟೇ ಇದು.

ಟೇಬಲ್ಲಿನ ಮೇಲೆ

ಆಪರೇಷನ್ ನಾಲ್ಕು ಗಂಟೆಯಿಂದ ಎಂಟು ಗಂಟೆಯವರೆಗೂ ಹಿಡಿಯಬಹುದು. ಅನೇಕ ಕಡೆ ಮೊದಲು ಬೋರಲಾಗಿ ಮಲಗಿಸಿ ಬೆನ್ನು ಮತ್ತು ಪೃಷ್ಠದ ಭಾಗ ಮುಗಿಸುತ್ತಾರೆ. ಆಮೇಲೆ ಇಡೀ ತಂಡ ಕೈಜೋಡಿಸಿ, ಉಸಿರಿನ ಕೊಳವೆ ಅಲುಗದಂತೆ, ಪ್ರಜ್ಞೆಯಿಲ್ಲದ ದೇಹವನ್ನು ಅಂಗಾತ ಮಾಡುತ್ತದೆ. ಬಳಿಕ ಹೊಟ್ಟೆ. ಅಷ್ಟು ದೊಡ್ಡ ಗಾಯ ತೆರೆದಿರುವಾಗ ದೇಹ ಬೇಗ ತಣ್ಣಗಾಗುತ್ತದೆ. ಅದಕ್ಕೆ ಬಿಸಿಗಾಳಿಯ ಹೊದಿಕೆ, ಬೆಚ್ಚಗಿನ ಡ್ರಿಪ್. ಒಂದು ಕಾಲಕ್ಕೆ ಅಷ್ಟೊಂದು ಕೊಬ್ಬಿಗೆ ರಕ್ತ ಉಣಿಸಿದ್ದ ನಾಳಗಳು ಕೊಬ್ಬು ಹೋದ ಮೇಲೂ ದಪ್ಪಗೇ ಇರುತ್ತವೆ. ಪ್ರತಿಯೊಂದನ್ನೂ ಕಟ್ಟಬೇಕು ಅಥವಾ ಸುಟ್ಟು ಮುಚ್ಚಬೇಕು.

ಈಗಿನ ವಿಧಾನಕ್ಕೆ ಅಡಿಪಾಯ ಹಾಕಿದವರು ಅಮೆರಿಕದ ಕಾನ್ಸಾಸ್‌ನ ಟೆಡ್ ಲಾಕ್‌ವುಡ್. ಅವರಿಗಿಂತ ಮುಂಚೆ ಕತ್ತರಿಸಿದ ಅಂಚುಗಳನ್ನು ಎಳೆದು ಹೊಲಿಯುವಾಗ ಬಿಗಿಯೆಲ್ಲ ಚರ್ಮದ ಮೇಲೇ ಬೀಳುತ್ತಿತ್ತು. ಸೋತ ಚರ್ಮ ಅದನ್ನು ತಾಳಲಾರದು. ಕಲೆ ಅಗಲವಾಗುತ್ತಿತ್ತು, ಕೆಳಕ್ಕೆ ಜಾರುತ್ತಿತ್ತು. ಚರ್ಮದಡಿಯ ಕೊಬ್ಬಿನೊಳಗೆ ಒಂದು ಗಟ್ಟಿ ಪೊರೆಯ ಜಾಲ ಹಾದುಹೋಗಿರುತ್ತದೆ. ಲಾಕ್‌ವುಡ್ 1991ರಲ್ಲಿ ಅದನ್ನು ವಿವರಿಸಿ, ಭಾರವನ್ನು ಆ ಪೊರೆಯ ಹೊಲಿಗೆಗೆ ಹೊರಿಸಿದರೆ ಮೇಲಿನ ಚರ್ಮ ಎಳೆತವಿಲ್ಲದೆ ಕೂಡಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟರು. 1993ರಲ್ಲಿ ಅದರ ಮೇಲೆ ಕಟ್ಟಿದ ಲೋವರ್ ಬಾಡಿ ಲಿಫ್ಟ್ ಪ್ರಕಟವಾಯಿತು.

ಬಹಳ ಜನ ಕೇಳುವ ಪ್ರಶ್ನೆ: ಹೊಕ್ಕುಳ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಅದರ ಸುತ್ತ ವೃತ್ತಾಕಾರವಾಗಿ ಕತ್ತರಿಸಿ, ಹೊಟ್ಟೆಯ ಗೋಡೆಗೆ ಅಂಟಿಕೊಂಡಿರುವ ತೊಟ್ಟಿನೊಂದಿಗೆ ಇದ್ದಲ್ಲೇ ಬಿಡುತ್ತಾರೆ. ಮೇಲಿನ ಚರ್ಮವನ್ನು ಕೆಳಗೆಳೆದು ಹೊದಿಸಿದ ಮೇಲೆ, ಅದು ಇರುವ ನೇರಕ್ಕೆ ಹೊಸ ತೂತು ಮಾಡಿ ಹೊರಗೆ ತಂದು ಹೊಲಿಯುತ್ತಾರೆ. ಹೊಕ್ಕುಳ ಹಳೆಯದೇ, ಬಾಗಿಲು ಹೊಸದು.

ಕೊನೆಗೆ ಉಳಿಯುವ ಕಲೆ ಉಡಿದಾರದ ಹಾಗೆ ಸೊಂಟವನ್ನು ಪೂರ್ತಿ ಸುತ್ತುತ್ತದೆ. ಉಡಿದಾರಕ್ಕಿಂತ ತುಸು ಕೆಳಗೆ, ಒಳಉಡುಪಿನ ಮರೆಯಲ್ಲಿ, ಲಂಗದ ಲಾಡಿಗಿಂತ ಕೆಳಗೆ ಬರುವಂತೆ ಜಾಗ ಗೊತ್ತುಮಾಡುತ್ತಾರೆ. ತೋಳಿನ ಕಲೆಗೆ ಈ ಭಾಗ್ಯವಿಲ್ಲ. ಕಂಕುಳಿಂದ ಮೊಣಕೈವರೆಗೆ ಒಳಬದಿಯಲ್ಲಿ ಓಡುವ ಅದು, ಕೈಯೆತ್ತಿದರೆ ಕಾಣುತ್ತದೆ.

> ಬಾಕ್ಸ್: ಯಾವುದು ಯಾವುದಕ್ಕೆ?
>
> ಪ್ಯಾನಿಕ್ಯುಲೆಕ್ಟಮಿ: ಜೋತುಬಿದ್ದ ಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ತೆಗೆಯುವುದಷ್ಟೇ. ಅಂದಕ್ಕೆ ಇಲ್ಲಿ ಎರಡನೆಯ ಜಾಗ.
>
> ಟಮ್ಮಿ ಟಕ್: ಮುಂಭಾಗದ ಚರ್ಮ ತೆಗೆದು, ಅಗಲಿದ ಹೊಟ್ಟೆಯ ಸ್ನಾಯುಗಳನ್ನೂ ಬಿಗಿಯುವುದು.
>
> ಲೋವರ್ ಬಾಡಿ ಲಿಫ್ಟ್: ಹೊಟ್ಟೆ, ಪಕ್ಕೆ, ಪೃಷ್ಠ, ತೊಡೆಯ ಹೊರಬದಿ, ಸೊಂಟದ ಸುತ್ತ ಒಂದೇ ಸುತ್ತಿನಲ್ಲಿ.
>
> ತೋಳು, ಎದೆ, ತೊಡೆಯ ಒಳಬದಿ: ಸಾಮಾನ್ಯವಾಗಿ ಬೇರೆ ಹಂತಗಳಲ್ಲಿ, ನಡುವೆ ಕೆಲವು ತಿಂಗಳ ಬಿಡುವು ಕೊಟ್ಟು.
>
> ಎಲ್ಲಿ ಎಷ್ಟು ಜೋತಿದೆ ಎಂದು ಅಳೆಯಲು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವೈದ್ಯರು ರೂಪಿಸಿದ ಮಾಪಕವೂ ಇದೆ. ದೇಹದ 10 ಭಾಗಗಳಿಗೆ, ಸೊನ್ನೆಯಿಂದ 3ರವರೆಗೆ ಅಂಕ.

ಬಾಗಿ ನಡೆಯುವ ದಿನಗಳು

ಎಚ್ಚರವಾದಾಗ ಮಂಚ ನೇರವಾಗಿರುವುದಿಲ್ಲ. ತಲೆಯ ಕಡೆ ಎತ್ತರ, ಮಂಡಿಯ ಅಡಿ ದಿಂಬು. ಹೊಟ್ಟೆಯ ಹೊಲಿಗೆ ಅಷ್ಟು ಬಿಗಿ. ಮೊದಲ ಕೆಲವು ದಿನ ಸೊಂಟ ನೆಟ್ಟಗೆ ಮಾಡದೆ ಮುಂದಕ್ಕೆ ಬಾಗಿಯೇ ನಡೆಯಬೇಕು. ಆದರೂ ನಡೆಯಲೇಬೇಕು, ಸಾಧ್ಯವಾದರೆ ಅದೇ ದಿನ, ಇಲ್ಲವೇ ಮರುದಿನ. ಮಲಗೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು. ಈ ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್‌ಗಳ ನಿದ್ದೆಗೆಡಿಸುವ ಅಪಾಯ ಅದೇ. ಅದಕ್ಕಾಗಿಯೇ ಕಾಲಿಗೆ ಗಾಳಿಯೊತ್ತುವ ಪಟ್ಟಿಗಳು, ರಕ್ತ ತೆಳುವಾಗಿಸುವ ಇಂಜೆಕ್ಷನ್ನು.

ಚರ್ಮದಡಿಯಿಂದ ಹೊರಟ ಪ್ಲಾಸ್ಟಿಕ್ ಕೊಳವೆಗಳು, ಅವುಗಳ ತುದಿಯಲ್ಲಿ ನೀರು ಸೇರಿಕೊಳ್ಳುವ ಪುಟ್ಟ ಬುರುಡೆಗಳು. ದಿನವೂ ಅವನ್ನು ಖಾಲಿ ಮಾಡಿ ಎಷ್ಟು ಮಿಲಿಲೀಟರ್ ಬಂತೆಂದು ಚೀಟಿಯಲ್ಲಿ ಬರೆದಿಡುವುದು ಮನೆಯವರ ಕೆಲಸ. ವಾರಗಟ್ಟಲೆ ಇರಬಹುದು. ಕೊಳವೆ ತೆಗೆದ ಮೇಲೂ ಒಳಗೆ ನೀರು ಶೇಖರವಾಗಿ ಸೂಜಿಯಿಂದ ತೆಗೆಸಿಕೊಳ್ಳಬೇಕಾಗಬಹುದು. ಮೇಲೊಂದು ಬಿಗಿ ಉಡುಪು, ಆರು ವಾರವೋ ಇನ್ನೂ ಹೆಚ್ಚೋ. ನಮ್ಮ ಸೆಕೆಯಲ್ಲಿ ಅದೂ ಒಂದು ವ್ರತ.

ಹೊಲಿಗೆ ಅಲ್ಲಲ್ಲಿ ಬಿಡುವುದು, ಅಂಚು ಕಪ್ಪಾಗುವುದು, ಸೋಂಕು: ಇವು ಇಲ್ಲಿ ಅಪರೂಪವಲ್ಲ. ಹೆಚ್ಚಿನವು ಡ್ರೆಸಿಂಗ್ ಮತ್ತು ತಾಳ್ಮೆಯಿಂದ ವಾಸಿಯಾಗುವಂಥವು. ‘ಏನೂ ತೊಂದರೆ ಆಗಲ್ಲ, ಒಂದು ವಾರದಲ್ಲಿ ಆಫೀಸಿಗೆ ಹೋಗಬಹುದು’ ಎನ್ನುವ ಕ್ಲಿನಿಕ್ ಸಿಕ್ಕರೆ ಅಲ್ಲಿಂದ ಎದ್ದು ಬರುವುದು ಲೇಸು.

ನಮ್ಮ ಮೈಬಣ್ಣದವರಲ್ಲಿ ಕಲೆ ಉಬ್ಬಿ ಗಂಟಾಗುವ ಕೀಲಾಯ್ಡ್ ಸಮಸ್ಯೆ ಬಿಳಿಯರಿಗಿಂತ ಹೆಚ್ಚು. ಹಿಂದೆ ಕಿವಿ ಚುಚ್ಚಿಸಿದಾಗಲೋ ಹೆರಿಗೆಯ ಆಪರೇಷನ್ನಿನಲ್ಲೋ ಕಲೆ ಉಬ್ಬಿದ್ದರೆ ಮೊದಲೇ ಹೇಳಬೇಕು. ಮೀಟರುಗಟ್ಟಲೆ ಉದ್ದದ ಕಲೆ ಪಡೆಯಲು ಹೊರಟವರಿಗೆ ಅದು ಸಣ್ಣ ಮಾತಲ್ಲ.

ಗಾಯ ಮಾಯಲು ಪ್ರೋಟೀನ್ ಬೇಕು, ಕಬ್ಬಿಣ ಬೇಕು. ಜಠರದ ಆಪರೇಷನ್ ಆದವರಲ್ಲಿ ಕೊರತೆಯಾಗುವುದು ಇವೇ: ಪ್ರೋಟೀನ್, ಕಬ್ಬಿಣಾಂಶ, ಬಿ12. ಮುದ್ದೆ ಸಾರು, ಅನ್ನ ತಿಳಿಸಾರಿನ ಊಟದಲ್ಲಿ ಅದು ಸಾಲುವುದಿಲ್ಲ. ಪುಟ್ಟದಾದ ಜಠರಕ್ಕೆ ಹೆಚ್ಚು ಹಿಡಿಯುವುದೂ ಇಲ್ಲ. ಮೊಟ್ಟೆ, ಮೀನು, ಮೊಸರು, ಪನೀರ್, ಕಾಳುಗಳು, ಬೇಕಾದರೆ ಪ್ರೋಟೀನ್ ಪುಡಿ. ತಿಂಗಳುಗಳ ಮುಂಚೆಯೇ ಶುರುವಾಗಬೇಕು. ರಕ್ತಹೀನತೆ ಇದ್ದರೆ ಮೊದಲು ಅದರ ಚಿಕಿತ್ಸೆ.

ಹೊಗೆಯ ವಿಷಯದಲ್ಲಿ ಚೌಕಾಸಿಯಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಗಾಯದ ಅಂಚು ರಕ್ತವಿಲ್ಲದೆ ಸಾಯುತ್ತದೆ. ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಿಸಿರಬೇಕು. ಸಿಗರೇಟು, ಬೀಡಿ ಮಾತ್ರವಲ್ಲ, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪೂ ಇದೇ ಲೆಕ್ಕಕ್ಕೆ. ‘ನಾನು ಸೇದಲ್ಲ ಡಾಕ್ಟ್ರೇ’ ಎನ್ನುವ ಅಜ್ಜಿಯ ಸಂಚಿ ನೋಡಿದ ಮೇಲೆ ಗೊತ್ತಾಗುತ್ತದೆ. ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರು ಅರಿವಳಿಕೆ ವೈದ್ಯರಿಗೆ ಮರೆಯದೆ ಹೇಳಬೇಕು. ಆ ಔಷಧಗಳು ಹೊಟ್ಟೆ ಖಾಲಿಯಾಗುವುದನ್ನು ತಡಮಾಡುತ್ತವೆ. ಉಪವಾಸವಿದ್ದರೂ ಒಳಗೆ ಆಹಾರ ಉಳಿದಿರಬಹುದು.

> ಬಾಕ್ಸ್: ತೆಗೆದ ಚರ್ಮ ಏನಾಗುತ್ತದೆ?
>
> ಹೆಚ್ಚಿನ ಕಡೆ ಆಸ್ಪತ್ರೆಯ ಜೈವಿಕ ತ್ಯಾಜ್ಯದ ಜೊತೆ ಹೋಗುತ್ತದೆ. ಕೆಲವು ದೇಶಗಳಲ್ಲಿ ರೋಗಿಯ ಒಪ್ಪಿಗೆ ಪಡೆದು ಅದನ್ನು ಸುಟ್ಟಗಾಯದವರ ತಾತ್ಕಾಲಿಕ ಹೊದಿಕೆಗೆ ಅಥವಾ ಪ್ರಯೋಗಾಲಯದ ಸಂಶೋಧನೆಗೆ ಬಳಸುತ್ತಾರೆ.
>
> ಸುಟ್ಟಗಾಯದವರಿಗೆಂದೇ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಚರ್ಮ ಬ್ಯಾಂಕ್ ಇದೆ. ಅಲ್ಲಿ ಮೃತರ ಚರ್ಮವನ್ನು ಸಾವಿನ ನಂತರದ ಕೆಲವೇ ಗಂಟೆಗಳಲ್ಲಿ, ತೊಡೆ ಬೆನ್ನುಗಳಿಂದ ತೆಳುವಾಗಿ ಪಡೆಯುತ್ತಾರೆ. ಗ್ಲಿಸರಾಲ್‌ನಲ್ಲಿ ವರ್ಷಗಳ ಕಾಲ ಕಾಪಿಡಬಹುದು. ರಕ್ತದ ಗುಂಪು ಹೊಂದಬೇಕೆಂದಿಲ್ಲ.

ಅಂದವೋ, ಅಗತ್ಯವೋ

ಪ್ಲಾಸ್ಟಿಕ್ ಸರ್ಜರಿಯಲ್ಲಿ ಈ ಎರಡನ್ನೂ ಬೇರೆ ಮಾಡುವ ಗೋಡೆ ಯಾವತ್ತೂ ಗಟ್ಟಿಯಾಗಿರಲಿಲ್ಲ. ಬ್ರೆಜಿಲ್‌ನ ಇವೊ ಪಿಟಾಂಗಿ ಹೊಟ್ಟೆ ಮತ್ತು ತೊಡೆಯ ಶಸ್ತ್ರಚಿಕಿತ್ಸೆಗಳನ್ನು 1960ರ ದಶಕದಲ್ಲಿ ಹೊಸದಾಗಿ ರೂಪಿಸಿದವರು, ಜಗತ್ತಿನ ಸಿರಿವಂತರೆಲ್ಲ ಹುಡುಕಿಕೊಂಡು ಹೋಗುತ್ತಿದ್ದ ಸರ್ಜನ್. 1961ರ ಡಿಸೆಂಬರ್‌ನಲ್ಲಿ ನಿತೆರೊಯ್ ಊರಿನ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ನೂರಾರು ಜನ, ಅದರಲ್ಲೂ ಮಕ್ಕಳು, ಸತ್ತಾಗ ಸುಟ್ಟಗಾಯದವರ ಆರೈಕೆಗೆ ನಿಂತವರೂ ಅವರೇ. ರಿಯೊದ ಧರ್ಮಾಸ್ಪತ್ರೆಯಲ್ಲಿ ಬಡವರಿಗಾಗಿ ಅವರ ವಾರ್ಡು ದಶಕಗಳ ಕಾಲ ನಡೆಯಿತು. 2016ರಲ್ಲಿ ರಿಯೊ ಒಲಿಂಪಿಕ್ಸ್‌ನ ಜ್ಯೋತಿ ಹಿಡಿದ ಮರುದಿನವೇ, 90ರ ವಯಸ್ಸಿನಲ್ಲಿ ತೀರಿಕೊಂಡರು.

ವಿಮೆ ಕಂಪನಿಗಳಿಗೆ ಮಾತ್ರ ಗೋಡೆ ಕಲ್ಲಿನದು. ನಮ್ಮ ದೇಶದ ಆರೋಗ್ಯ ವಿಮೆಗಳಲ್ಲಿ ಏನನ್ನು ಹೊರಗಿಡಬಹುದು ಎಂಬುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರದ ಏಕರೂಪದ ಪಟ್ಟಿಯಿದೆ. ಅದರ ಆರನೆಯ ಅಂಶ ಬೊಜ್ಜಿನದು: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಕನಿಷ್ಠ 35ರ ಜೊತೆಗೆ ಹೃದ್ರೋಗ, ಹತೋಟಿಗೆ ಬಾರದ ಮಧುಮೇಹ, ತೀವ್ರ ನಿದ್ರಾ ಉಸಿರುಗಟ್ಟುವಿಕೆಯಂಥ ಕಾಯಿಲೆಯಿದ್ದರೆ, ಜಠರದ ಆಪರೇಷನ್ನಿಗೆ ದಾರಿಯಿದೆ. ಎಂಟನೆಯ ಅಂಶ ಸೌಂದರ್ಯ ಚಿಕಿತ್ಸೆಯದು: ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರೂಪಣೆ ಬಿಟ್ಟು ಉಳಿದ ಪ್ಲಾಸ್ಟಿಕ್ ಸರ್ಜರಿಗೆ ದುಡ್ಡಿಲ್ಲ.

ಆರನೆಯ ಅಂಶದಡಿ ವಿಮೆಯ ಹಣದಲ್ಲೇ ತೂಕ ಇಳಿಸಿಕೊಂಡ ವ್ಯಕ್ತಿ, ಆ ಚಿಕಿತ್ಸೆಯಿಂದಲೇ ಜೋತುಬಿದ್ದ ಚರ್ಮ ಹೊತ್ತು ಎಂಟನೆಯ ಅಂಶದ ಬಾಗಿಲಿಗೆ ಬಂದರೆ ‘ಇದು ಅಂದಚೆಂದ’ ಎನ್ನುವ ಉತ್ತರ ಕಾದಿರುತ್ತದೆ. ಸ್ತನ ಕ್ಯಾನ್ಸರ್ ನಂತರ ಸ್ತನ ಕಟ್ಟಿಕೊಡುವುದು ಚಿಕಿತ್ಸೆಯ ಭಾಗ ಎಂದು ಒಪ್ಪಿಕೊಂಡವರಿಗೆ, ಬೊಜ್ಜಿನ ನಂತರ ಚರ್ಮ ತೆಗೆಯುವುದು ಚಿಕಿತ್ಸೆಯ ಭಾಗವಾಗಿ ಏಕೆ ಕಾಣುವುದಿಲ್ಲ? ನನಗನ್ನಿಸುವಂತೆ ಕಾರಣ ವೈದ್ಯಕೀಯದ್ದಲ್ಲ. ಬೊಜ್ಜನ್ನು ನಾವು ಇನ್ನೂ ಕಾಯಿಲೆ ಎಂದು ನಂಬಿಲ್ಲ. ತಿಂದವನ ತಪ್ಪು, ಅನುಭವಿಸಲಿ ಎಂಬ ಭಾವ ಪಾಲಿಸಿಯ ಸಾಲುಗಳ ಹಿಂದೆಯೂ ಕೂತಿದೆ.

ಲಾಭದ ಲೆಕ್ಕವೂ ಇಲ್ಲದಿಲ್ಲ. ಜಿನೀವಾದ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ಯಾಸ್ಟ್ರಿಕ್ ಬೈಪಾಸ್ ನಂತರ ಚರ್ಮದ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡವರು, ಮಾಡಿಸಿಕೊಳ್ಳದವರಿಗಿಂತ ಕಡಿಮೆ ತೂಕವನ್ನು ಮರಳಿ ಪಡೆದಿದ್ದರು. ಶಿಸ್ತಿನವರೇ ಆಪರೇಷನ್ನಿಗೂ ಮುಂದೆ ಬಂದಿರಬಹುದು ಎಂಬ ಅನುಮಾನಕ್ಕೆ ಜಾಗವಿದ್ದೇ ಇದೆ. ಆದರೂ ನಡೆಯಲು, ಓಡಲು, ಈಜಲು ಮೈ ಅಡ್ಡ ಬರದಿದ್ದರೆ ತೂಕ ಕಾಯುವುದು ಸುಲಭ ಎಂಬುದಕ್ಕೆ ಅಧ್ಯಯನವೇ ಬೇಕೆಂದಿಲ್ಲ.

ಎಂಟನೆಯ ಅಂಶದಲ್ಲೇ ಒಂದು ಕಿಂಡಿಯೂ ಇದೆ. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವನ್ನು ತಪ್ಪಿಸಲು ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆಯ ಭಾಗವಾಗಿದ್ದರೆ, ಚಿಕಿತ್ಸೆ ಕೊಡುವ ವೈದ್ಯರು ಹಾಗೆಂದು ಪ್ರಮಾಣೀಕರಿಸಿದರೆ, ಪ್ಲಾಸ್ಟಿಕ್ ಸರ್ಜರಿಯನ್ನೂ ಪರಿಗಣಿಸಬೇಕು. ಲಕ್ಷಗಳ ಬಿಲ್ಲಿನ ಮುಂದೆ ಇದು ಸಣ್ಣ ಕಿಂಡಿಯೇ. ಮೊದಲ ಅರ್ಜಿಗೇ ತೆರೆಯುತ್ತದೆ ಎಂಬ ಭರವಸೆ ಬೇಡ. ಮಡಿಕೆಯ ಹುಣ್ಣಿಗೆ ಚರ್ಮರೋಗ ತಜ್ಞರು ಬರೆದುಕೊಟ್ಟ ಪ್ರತಿ ಚೀಟಿ, ಔಷಧದಂಗಡಿಯ ಬಿಲ್ಲು, ತಾರೀಖು ಸಹಿತ ಫೋಟೊ, ತಿಂಗಳವಾರು ತೂಕದ ದಾಖಲೆ ಎಲ್ಲ ಒಂದು ಫೈಲಿನಲ್ಲಿರಲಿ. ಎಷ್ಟು ಕಾಲದಿಂದ ಏನೇನು ಮದ್ದು ಮಾಡಿಯೂ ಗುಣವಾಗಿಲ್ಲ ಎಂಬುದನ್ನು ಸರ್ಜನ್ ಪತ್ರದಲ್ಲಿ ಬರೆಯಲಿ. ‘ರೋಗಿಗೆ ಮುಜುಗರವಾಗುತ್ತಿದೆ’ ಎಂಬೊಂದೇ ಸಾಲಿನ ಪತ್ರ ಕೆಲಸಕ್ಕೆ ಬಾರದು.

ಕಂಪನಿ ತಿರಸ್ಕರಿಸಿದರೆ ಮೊದಲು ಅದರ ದೂರು ವಿಭಾಗಕ್ಕೇ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿ. ದೂರಿಗೆ ಒಂದು ವರ್ಷದ ಗಡುವು. ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ.